ನಾಗ ಇದ್ದಾನೆ, ಹಾವು ಇದೆಯೇ?

ಮಂದಾರ್ತಿಯ ಸ್ಥಳಪುರಾಣದ ನಡುವೆ ಒಂದು ಕಾಡ್ಗಿಚ್ಚು ಉರಿಯುತ್ತದೆ. ನಾಗರಾಜ ಶಂಖಚೂಡನಿಗೆ ಐವರು ಹೆಣ್ಣುಮಕ್ಕಳು: ದೇವರತಿ, ನಾಗರತಿ, ಚಾರುರತಿ, ಮಂದರತಿ, ನೀಲರತಿ. ಸುಬ್ರಹ್ಮಣ್ಯನನ್ನೇ ವರಿಸುತ್ತೇವೆಂದು ಕೈಲಾಸಕ್ಕೆ ಹೊರಟವರು ಶಾಪಕ್ಕೆ ಸಿಕ್ಕಿ ಹಾವುಗಳಾದರು. ಅವರಿದ್ದ ಕಾಡಿಗೆ ಬೆಂಕಿ ಬಿದ್ದಾಗ, ರಾಜ್ಯ ಕಳೆದುಕೊಂಡು ಅಲೆಯುತ್ತಿದ್ದ ಅವಂತಿಯ ಅರಸ ದೇವವರ್ಮ ಐದೂ ಹಾವುಗಳನ್ನು ಉತ್ತರೀಯದಲ್ಲಿ ಕಟ್ಟಿಕೊಂಡು ಹೊರತಂದ. ದಾರಿಯಲ್ಲಿ ಅವು ಒಂದೊಂದಾಗಿ ಜಾರಿದವು. ಜಾರಿದಲ್ಲೆಲ್ಲ ಒಂದೊಂದು ನೆಲೆಯಾಯಿತು. ಇಂದಿನ ಬ್ರಹ್ಮಾವರ ತಾಲೂಕಿನ ಮಂದಾರ್ತಿ, ನೀಲಾವರ, ಚೇರ್ಕಾಡಿಗಳನ್ನು ಜನ ಈ ಕಥೆಯೊಂದಿಗೇ ನೆನೆಯುತ್ತಾರೆ.

ಈ ಕಥೆಯಲ್ಲಿ ‘ಕೆಲವು ಹಾವುಗಳು ಉಳಿದವು’ ಎಂಬ ಮಾತಿಲ್ಲ. ಎಷ್ಟು ಎಂಬ ಲೆಕ್ಕವಿದೆ, ಒಂದೊಂದಕ್ಕೂ ಹೆಸರಿದೆ, ಬಿದ್ದ ಜಾಗವಿದೆ. ಕಾಡಿಗೆ ಕೇಡಾದಾಗ ಯಾರು ಉಳಿದರು, ಎಲ್ಲಿ ಉಳಿದರು ಎಂದು ಬರೆದಿಟ್ಟ ದಾಖಲೆಯ ಗುಣ ಈ ಪುರಾಣಕ್ಕಿದೆ. ಕಾಡು ಕದಡಿದಾಗ ಪ್ರಾಣಿಗಳಿಗೆ ಏನಾಗುತ್ತದೆ ಎಂದು ಅಳೆಯಲು ಹೊರಡುವ ಇಂದಿನ ಜೀವವಿಜ್ಞಾನಿಯೂ ಮೊದಲು ಕೇಳುವುದು ಇದನ್ನೇ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಳೆಯ ಮನೆತನಗಳಿಗೆಲ್ಲ ಒಂದು ಮೂಲನಾಗನ ನೆಲೆ ಇರುತ್ತದೆ. ಗದ್ದೆಯಂಚಿನ ಹಾಡಿಯೊಳಗೋ ತೋಟದ ತುದಿಯಲ್ಲೋ ಸುರಗಿ, ರಂಜ, ಹಾಲೆ, ಕಾಸರಕ ಮರಗಳು ಒತ್ತಾಗಿ ನಿಂತಿರುತ್ತವೆ. ಬಳ್ಳಿ, ಬೆತ್ತ, ಕೇದಗೆ ಅವನ್ನು ಹೆಣೆದಿರುತ್ತವೆ. ಒಳಗೆ ಹುತ್ತ, ನಾಲ್ಕಾರು ನಾಗನ ಕಲ್ಲು. ಇದೇ ನಾಗಬನ. ಬನಕ್ಕೆ ಕತ್ತಿ ತಾಗಿಸಬಾರದು, ಬಿದ್ದ ಕೊಂಬೆಯನ್ನೂ ಒಲೆಗೆ ತರಬಾರದು, ಮೈಲಿಗೆಯಲ್ಲಿ ಕಾಲಿಡಬಾರದು, ನಾಗರ ಪಂಚಮಿಗೋ ವರ್ಷದ ಪೂಜೆಗೋ ಬಿಟ್ಟರೆ ಸುಮ್ಮನೆ ಒಳಹೊಗಬಾರದು. ಕಾಡನ್ನು ಎಷ್ಟು ಕದಡಬಹುದು ಎಂಬುದಕ್ಕೆ ಈ ನೆಲ ಹಾಕಿಕೊಂಡಿದ್ದ ಮಿತಿ ಇದು. ಶಿಕ್ಷೆಯ ಭಯವೂ ಇತ್ತು, ಭಕ್ತಿಯೂ ಇತ್ತು. ಫಲ ಮಾತ್ರ ಒಂದೇ: ಸುತ್ತಲಿನ ಹಾಡಿ ಬೋಳಾದಾಗಲೂ ಬನ ಉಳಿಯಿತು.

ಈಗ ಅನೇಕ ಬನಗಳು ಬದಲಾಗಿವೆ. ಜೀರ್ಣೋದ್ಧಾರವೆಂದರೆ ಮರ ತೆಗೆಸಿ, ನೆಲಕ್ಕೆ ಇಂಟರ್‌ಲಾಕ್ ಹಾಸಿ, ಗ್ರಾನೈಟಿನ ಕಟ್ಟೆ ಕಟ್ಟಿ, ಮೇಲೆ ತಗಡಿನ ಮಾಡು ಹೊದಿಸುವುದು ಎಂದಾಗಿದೆ. ಹಾಗೆ ಮಾಡುವವರು ಭಕ್ತಿಯಿಲ್ಲದವರೆಂದು ಹೇಳುವುದು ಅನ್ಯಾಯ. ಮುಂಬೈ, ಬೆಂಗಳೂರಿನಿಂದ ಒಂದು ದಿನದ ಮಟ್ಟಿಗೆ ಬರುವ ಕುಟುಂಬಕ್ಕೆ ಕುಳಿತು ಪೂಜೆ ನೋಡಲು ಜಾಗ ಬೇಕು. ಮಂಡಿನೋವಿನ ಅಜ್ಜಿಗೆ ಬೇರುಗಳ ಮೇಲೆ ನಡೆಯಲಾಗುವುದಿಲ್ಲ. ಪಾಲಾದ ಜಾಗದಲ್ಲಿ ಬನಕ್ಕೆ ಉಳಿಯುವುದೇ ಎರಡು ಸೆಂಟ್ಸ್. ದುಡಿದ ಹಣದಲ್ಲಿ ದೇವರಿಗೆ ಏನಾದರೂ ಮಾಡಬೇಕೆಂಬ ಆಸೆ ನಿಜವಾದದ್ದು. ಆದರೆ ಅದರಿಂದ ಏಳುವ ಪ್ರಶ್ನೆಯೂ ಅಷ್ಟೇ ನಿಜ. ಬನ ಹೋದ ಮೇಲೆ ನಾಗನ ಸಾನ್ನಿಧ್ಯ ಅಲ್ಲಿ ಇರುತ್ತದೆಯೇ?

ತಂತ್ರಶಾಸ್ತ್ರದ ಉತ್ತರ ಸ್ಪಷ್ಟ. ಸಾನ್ನಿಧ್ಯವನ್ನು ಆವಾಹಿಸಬಹುದು, ಕಲಶಕ್ಕೆ ಸಂಕೋಚಗೊಳಿಸಿ ಬಾಲಾಲಯದಲ್ಲಿರಿಸಬಹುದು, ಹೊಸ ಕಲ್ಲಿನಲ್ಲಿ ಪುನಃ ಪ್ರತಿಷ್ಠಾಪಿಸಬಹುದು. ದೇವರು ಮರಕ್ಕೆ ಅಂಟಿಕೊಂಡವನಲ್ಲ. ಇದು ಹಗುರವಾದ ವಾದವಲ್ಲ. ದೇಗುಲಗಳ ಪರಂಪರೆಯೇ ಈ ನಂಬಿಕೆಯ ಮೇಲೆ ನಿಂತಿದೆ. ಆದರೆ ಇದೇ ಕರಾವಳಿಯಲ್ಲಿ ಇನ್ನೊಂದು ಆಚರಣೆಯಿದೆ. ರಸ್ತೆಯಲ್ಲಿ ನಾಗರಹಾವು ಸತ್ತು ಬಿದ್ದರೆ ಅದಕ್ಕೆ ಸಂಸ್ಕಾರ ನಡೆಯುತ್ತದೆ. ಬಟ್ಟೆ ಹೊದಿಸಿ, ಚಿತೆಗಿಟ್ಟು, ಮನುಷ್ಯರಿಗೆ ಮಾಡುವಂತೆಯೇ ಕ್ರಿಯೆ ಮಾಡುತ್ತಾರೆ. ನಾಗ ಕಲ್ಲಿನಲ್ಲಿ ಮಾತ್ರ ಇದ್ದಾನೆಂದಾದರೆ ಈ ಕ್ರಿಯೆಗೆ ಅರ್ಥವಿಲ್ಲ. ಹರಿದಾಡುವ ಮೈಯಲ್ಲೂ ಇದ್ದಾನೆಂದು ಒಪ್ಪಿದವರೇ ಸಂಸ್ಕಾರ ಮಾಡಿಸುತ್ತಾರೆ. ಹಾಗೆ ಒಪ್ಪಿದ ಮೇಲೆ, ಆ ಮೈಗೆ ಹುತ್ತ, ತರಗೆಲೆ, ನೆರಳು, ಇಲಿ, ಕಪ್ಪೆ ಬೇಕು ಎಂಬುದನ್ನೂ ಒಪ್ಪಬೇಕಾಗುತ್ತದೆ. ಸತ್ತ ಹಾವಿಗೆ ಚಿತೆ ಒಟ್ಟಿ, ಬದುಕಿರುವ ಹಾವಿನ ಮನೆಗೆ ಸಿಮೆಂಟು ಸುರಿಯುವುದು ಒಂದೇ ಶ್ರದ್ಧೆಯೊಳಗೆ ಕೂಡಿ ಬಾಳುವುದು ಕಷ್ಟ.

ಹೀಗೆ ನೋಡಿದರೆ ಬನದಲ್ಲಿ ಯಾರು ಉಳಿದಿದ್ದಾರೆ ಎಂದು ಅಳೆಯುವುದು ಧರ್ಮದ ಹೊರಗಿನ ಕೆಲಸವಲ್ಲ.

ಅಳೆಯುವುದು ಹೇಗೆ? ಮೇಲಿನಿಂದ ನೋಡಿದರೆ ಸಾಲದು. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ಮರದ ನೆರಳಿರುವ ಯಾವ ನೆಲವೂ ‘ಅರಣ್ಯ ಹೊದಿಕೆ’ಯೇ. ಮರ ಯಾವುದು, ಜಾಗ ಯಾರದು ಎಂದು ಅದು ಕೇಳುವುದಿಲ್ಲ. ಹಾಗಾಗಿ ಜಡ್ಕಲ್, ಮುದೂರು ಭಾಗದ ರಬ್ಬರ್ ತೋಟವೂ, ಗುಡ್ಡ ತುಂಬಿದ ಅಕೇಶಿಯಾ ನೆಡುತೋಪೂ, ಗೇರು ಪ್ಲಾಂಟೇಶನ್ನೂ ಉಪಗ್ರಹದ ನಕಾಶೆಯಲ್ಲಿ ಹಸಿರಾಗಿ ಕಾಣಬಹುದು. ಇಪ್ಪತ್ತು ಸೆಂಟ್ಸಿನ ನಾಗಬನಕ್ಕೆ ಆ ಅಳತೆಯಲ್ಲಿ ಪ್ರತ್ಯೇಕ ಅಸ್ತಿತ್ವವೇ ಇಲ್ಲ. ಶತಮಾನದ ಸುರಗಿ ಮರ ಲೆಕ್ಕಕ್ಕೆ ಸಿಗದೆ ಹೋಗಿ, ಹತ್ತು ವರ್ಷದ ಅಕೇಶಿಯಾ ಲೆಕ್ಕಕ್ಕೆ ಬರುತ್ತದೆ.

ಮರ ನಿಂತಿದ್ದರೂ ಕಾಡು ಸೊರಗಿರಬಹುದು ಎಂಬುದಕ್ಕೆ ಜಗತ್ತಿನ ಬೇರೆ ಉಷ್ಣವಲಯಗಳಿಂದ ಗಟ್ಟಿ ಸಾಕ್ಷ್ಯ ಬಂದಿದೆ. ಲ್ಯೂಕ್ ಗಿಬ್ಸನ್ ಮತ್ತು ಸಂಗಡಿಗರು 2011ರಲ್ಲಿ 28 ಉಷ್ಣವಲಯದ ದೇಶಗಳ 138 ಅಧ್ಯಯನಗಳನ್ನು ಒಟ್ಟುಗೂಡಿಸಿ, ಕದಡಿದ ಕಾಡನ್ನೂ ಮೂಲ ಕಾಡನ್ನೂ 2,220 ಜೋಡಿ ಹೋಲಿಕೆಗಳಲ್ಲಿ ತೂಗಿ ನೋಡಿದರು. ಮೂಲ ಕಾಡಿಗೆ ಬದಲಿಯಿಲ್ಲ ಎಂಬುದು ಅವರ ನಿರ್ಣಯ. 2016ರಲ್ಲಿ ಜೋಸ್ ಬಾರ್ಲೋ ತಂಡ ಬ್ರೆಜಿಲಿನ ಪಾರಾ ರಾಜ್ಯದ 36 ಜಲಾನಯನಗಳಲ್ಲಿ 1,538 ಬಗೆಯ ಗಿಡಮರ, 460 ಬಗೆಯ ಹಕ್ಕಿ, 156 ಬಗೆಯ ಸಗಣಿಹುಳಗಳನ್ನು ದಾಖಲಿಸಿತು. ಆಯ್ದ ಮರ ಕಡಿಯುವುದು, ಕಾಡಿನೊಳಗೆ ನುಗ್ಗುವ ಬೆಂಕಿ, ಕಾಡು ತುಂಡುತುಂಡಾಗುವುದು ಇವೆಲ್ಲ ಸೇರಿದರೆ, ಕಾಡು ಪೂರ್ತಿ ಕಡಿದು ಆಗುವ ಜೀವಿನಷ್ಟ ಇಮ್ಮಡಿಯಾಗಬಲ್ಲದು ಎಂದು ಅದರಲ್ಲಿ ಕಂಡುಬಂತು. ಸಗಣಿಹುಳವನ್ನು ಎಣಿಸುವುದೇಕೆ ಎಂದು ಅಚ್ಚರಿಪಡಬೇಕಿಲ್ಲ. ಕಾಡುಪ್ರಾಣಿಗಳ ಲದ್ದಿಯನ್ನೇ ನಂಬಿ ಬದುಕುವ ಹುಳ ಕಡಿಮೆಯಾದರೆ ಪ್ರಾಣಿಗಳು ಕಡಿಮೆಯಾಗಿವೆಯೋ ಎಂಬ ಸಂಶಯಕ್ಕೆ ಅದೇ ಮೊದಲ ಸುಳಿವು.

ಬೈಂದೂರು ತಾಲೂಕಿನ ಮೂಡಲಿಗೆ ಬಂದರೆ ಇದೇ ಮಾತು ಕಣ್ಣೆದುರಿಗೆ ನಿಲ್ಲುತ್ತದೆ. ಕೊಲ್ಲೂರಿನ ದೇವಿಯ ಹೆಸರಿನ ಮೂಕಾಂಬಿಕಾ ಅಭಯಾರಣ್ಯ 1974ರಲ್ಲಿ 247 ಚದರ ಕಿಲೋಮೀಟರಿನಷ್ಟಿತ್ತು. 2011ರಲ್ಲಿ ಅದು 370 ಚದರ ಕಿಲೋಮೀಟರಿಗೆ ಹಿಗ್ಗಿತು. ಕಾಡಿನ ಗಾತ್ರ ಕಾಗದದಲ್ಲಿ ಹೆಚ್ಚಿತು, ಒಳ್ಳೆಯದೇ. ಆದರೆ ಸಿಂಗಳೀಕನಿಗೆ ಚದರ ಕಿಲೋಮೀಟರ್ ತಿಳಿಯದು. ಪಶ್ಚಿಮಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಕೋತಿ ಬಹುಪಾಲು ಬದುಕನ್ನು ಮರದ ಮೇಲೆಯೇ ಕಳೆಯುತ್ತದೆ. ರಸ್ತೆ ಅಗಲವಾಗಿ ಎರಡೂ ಬದಿಯ ಕೊಂಬೆಗಳು ಕೈಬಿಟ್ಟರೆ ಅದರ ಕಾಡು ಅಲ್ಲಿಗೆ ಮುಗಿಯಿತು. ಆಚೆ ಬದಿಯಲ್ಲಿ ಹಣ್ಣು ತೊನೆಯುತ್ತಿದ್ದರೂ ಅದು ಬೇರೆ ದೇಶ. ಮಂಗಟ್ಟೆಹಕ್ಕಿಯ ಕಷ್ಟ ಇನ್ನೊಂದು ಬಗೆ. ಹೆಣ್ಣು ಪೊಟರೆಯೊಳಗೆ ಕುಳಿತು ಅದರ ಬಾಯಿ ಮುಚ್ಚಿಕೊಂಡು, ಗಂಡು ತಂದುಕೊಡುವ ಹಣ್ಣಿನಿಂದ ಸಂಸಾರ ನಡೆಸುವ ಹಕ್ಕಿಗೆ ಪೊಟರೆಯಾಗುವಷ್ಟು ವಯಸ್ಸಾದ ಮರವೇ ಬೇಕು. ದೊಡ್ಡ ಮರ ಮಾತ್ರ ಆಯ್ದು ಕಡಿದ ಕಾಡು ದೂರದಿಂದ ನೋಡಿದರೆ ತುಂಬಿಯೇ ಇರುತ್ತದೆ, ಗೂಡಿಗೆ ಜಾಗವಿರುವುದಿಲ್ಲ.

ಇಲ್ಲಿಂದ ಮುಂದೆ ಎಣಿಕೆಯೊಂದೇ ಕೈಹಿಡಿಯುವುದಿಲ್ಲ. ಒಂದು ಕಾಡಿನಲ್ಲಿ ಮೊದಲು ಐವತ್ತು ಬಗೆಯ ಹಕ್ಕಿಗಳಿದ್ದವು, ಕದಡಿದ ಮೇಲೂ ಐವತ್ತು ಸಿಕ್ಕವು ಎಂದುಕೊಳ್ಳಿ. ನಷ್ಟವೇ ಆಗಿಲ್ಲವೆಂದು ಬರೆದುಬಿಡಬಹುದೇ? ಒಳಗಾಡಿನ ಹತ್ತು ಹಕ್ಕಿ ಹೋಗಿ, ಬಯಲಿನ ಹತ್ತು ಹಕ್ಕಿ ಬಂದಿರಬಹುದು. ಕರಾವಳಿಯ ಗದ್ದೆ, ತೋಟಗಳಲ್ಲಿ ಈಗ ನವಿಲಿನ ಕೂಗು ಸಾಮಾನ್ಯ. ನವಿಲು ಬಂದದ್ದು ಸಂತೋಷವೇ ಇರಬಹುದು, ಆದರೆ ಅದು ಮಂಗಟ್ಟೆಯ ಜಾಗ ತುಂಬುವುದಿಲ್ಲ.

ಉಡುಪಿಯ ಸನಿಹದ ಪಾಜಕದಲ್ಲಿ ಹದಿಮೂರನೇ ಶತಮಾನದಲ್ಲಿ ಹುಟ್ಟಿದ ಮಧ್ವಾಚಾರ್ಯರು ಐದು ಭೇದಗಳನ್ನು ಹೇಳಿದರು. ಈಶ್ವರನಿಗೂ ಜೀವಕ್ಕೂ, ಈಶ್ವರನಿಗೂ ಜಡಕ್ಕೂ, ಜೀವಕ್ಕೂ ಜಡಕ್ಕೂ, ಜಡ ಜಡಗಳ ನಡುವೆಯೂ, ಜೀವ ಜೀವಗಳ ನಡುವೆಯೂ ಇರುವ ಭೇದ ತೋರಿಕೆಯದಲ್ಲ, ಸತ್ಯವಾದದ್ದು. ಅವರು ಮಾತಾಡುತ್ತಿದ್ದದ್ದು ಮೋಕ್ಷದ ಕುರಿತು, ಹಕ್ಕಿಗಳ ಗಣತಿಯ ಕುರಿತಲ್ಲ. ಆಚಾರ್ಯರನ್ನು ಪರಿಸರವಾದಿಯಾಗಿಸುವ ಅಗತ್ಯವೂ ಇಲ್ಲ. ಆದರೂ ಒಂದು ಜೀವ ಇನ್ನೊಂದಕ್ಕೆ ಬದಲಿಯಲ್ಲ, ಪ್ರತಿಯೊಂದರ ಸ್ವರೂಪವೂ ಬೇರೆ ಎಂಬ ಆ ದರ್ಶನ ಈ ಜಿಲ್ಲೆಯ ಮಣ್ಣಿನದೇ. ಐವತ್ತಕ್ಕೆ ಐವತ್ತು ಸರಿಹೋಯಿತೆಂದು ಪುಸ್ತಕ ಮುಚ್ಚುವವರನ್ನು ತಡೆಯಲು ಅದಕ್ಕಿಂತ ಬಲವಾದ ತರ್ಕ ಸಿಗುವುದು ಕಷ್ಟ. ಪರಿಸರ ವಿಜ್ಞಾನಿಗಳೂ ಈಗ ಒಟ್ಟು ಸಂಖ್ಯೆಯನ್ನು ಮಾತ್ರ ನಂಬುವುದಿಲ್ಲ. ಎರಡು ಜಾಗಗಳ ಪಟ್ಟಿಯಲ್ಲಿ ಯಾವ ಹೆಸರು ಹೋಗಿ ಯಾವುದು ಬಂದಿದೆ ಎಂದು ಪ್ರತ್ಯೇಕವಾಗಿ ಅಳೆಯುತ್ತಾರೆ.

ಭೇದ ತಿಳಿದಷ್ಟೂ ಲೆಕ್ಕವೇ ಬದಲಾಗುತ್ತದೆ ಎಂಬುದಕ್ಕೆ ಘಟ್ಟದ ಮೇಲಿನ ಉದಾಹರಣೆಯೊಂದಿದೆ. ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಆರಂಭಿಸಿದ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗ ಸರ್ಪದ ಬೆನ್ನು ಹತ್ತಿತು. ಏಷ್ಯಾದುದ್ದಕ್ಕೂ ಇರುವ ಕಾಳಿಂಗವೆಲ್ಲ ಒಂದೇ ಪ್ರಭೇದವೆಂದು ಅಲ್ಲಿಯವರೆಗೆ ತಿಳಿದಿದ್ದರು. 2024ರಲ್ಲಿ ಅದು ನಾಲ್ಕು ಪ್ರಭೇದವೆಂದು ಪ್ರಕಟವಾಯಿತು. ಪಶ್ಚಿಮಘಟ್ಟದ್ದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂದು ಹೆಸರಿಟ್ಟರು. ಬೇರೆ ಎಲ್ಲೋ ಇನ್ನೂ ಬೇಕಾದಷ್ಟಿವೆ ಎಂಬ ಸಮಾಧಾನ ಆ ದಿನವೇ ಹೋಯಿತು. ಇಲ್ಲಿ ಅಳಿದರೆ ಅಳಿದಂತೆಯೇ.

ಜೀವ ಜೀವಗಳ ಭೇದವನ್ನೇ ಅಳತೆಯ ಕೋಲಾಗಿಸಿದ ಒಬ್ಬರ ಬೇರೂ ಈ ನೆಲದಲ್ಲಿದೆ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಕೋಟ ಇಂದು ಬ್ರಹ್ಮಾವರ ತಾಲೂಕಿಗೆ ಸೇರಿದೆ. ಕೈಗಾ ಅಣುಸ್ಥಾವರದ ವಿರುದ್ಧ ನಿಂತು, ಎಂಬತ್ತೇಳರ ಹತ್ತಿರದ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೂ ಇಳಿದವರು ಅವರು. ಅವರ ಮಗ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ ಎಣಿಸುವ ರೀತಿಯನ್ನೇ ಬದಲಿಸಿದರು. ಅಲ್ಲಿಯವರೆಗೆ ಹೆಜ್ಜೆಗುರುತು ನೋಡಿ ಹುಲಿಯ ಲೆಕ್ಕ ಬರೆಯುತ್ತಿದ್ದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ದಾರಿಯಲ್ಲಿ ಕ್ಯಾಮೆರಾ ಇಟ್ಟು ಒಂದೊಂದು ಹುಲಿಯನ್ನೂ ಪಟ್ಟೆಯಿಂದ ಗುರುತಿಸಿ, ಮತ್ತೆ ಮತ್ತೆ ಸಿಕ್ಕವೆಷ್ಟು, ಹೊಸದಾಗಿ ಸಿಕ್ಕವೆಷ್ಟು ಎಂಬುದರಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸಬಹುದೆಂದು ಅವರು 1995ರಲ್ಲಿ ತೋರಿಸಿದರು. ಹಳೆಯ ಕ್ರಮ ಎಷ್ಟು ದೊಡ್ಡ ಸುಳ್ಳನ್ನು ಸಾಕಿತ್ತು ಎಂಬುದು ಹತ್ತು ವರ್ಷದ ಬಳಿಕ ರಾಜಸ್ಥಾನದ ಸರಿಸ್ಕಾದಲ್ಲಿ ಬಯಲಾಯಿತು. ಕಡತದಲ್ಲಿ ಹುಲಿಗಳಿದ್ದವು, ಕಾಡಿನಲ್ಲಿ ಒಂದೂ ಇರಲಿಲ್ಲ.

ಇದಕ್ಕೆ ತಿರುವುಮುರುವಾದ ತಪ್ಪೂ ಇದೆ. ಇರುವುದನ್ನು ಇಲ್ಲವೆನ್ನುವುದು.

‘ಇಲ್ಲ’ ಎಂಬ ತಿಳಿವು ಹೇಗೆ ಬರುತ್ತದೆ ಎಂಬುದು ಭಾರತೀಯ ತತ್ತ್ವಶಾಸ್ತ್ರದ ಹಳೆಯ ಜಗಳ. ನೆಲದ ಮೇಲೆ ಮಡಕೆ ಇಲ್ಲವೆಂದು ಗೊತ್ತಾಗುವುದು ಕಣ್ಣಿನಿಂದಲೋ, ಊಹೆಯಿಂದಲೋ? ಕುಮಾರಿಲ ಭಟ್ಟರ ಮೀಮಾಂಸಕರು ಅದಕ್ಕೆ ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣ ಬೇಕೆಂದರು, ಅದ್ವೈತಿಗಳು ಒಪ್ಪಿದರು. ಮಾಧ್ವರು ಒಪ್ಪಲಿಲ್ಲ, ಪ್ರತ್ಯಕ್ಷ, ಅನುಮಾನ, ಆಗಮ ಮೂರೇ ಸಾಕೆಂದರು. ಈ ಚರ್ಚೆಯಲ್ಲಿ ಒಂದು ಷರತ್ತು ಮಾತ್ರ ಬಹಳ ಹದವಾದದ್ದು: ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಎಂಬ ಸ್ಥಿತಿಯಿರಬೇಕು. ಕತ್ತಲೆಯ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ಅದು ಇಲ್ಲವೆಂದು ಆಗುವುದಿಲ್ಲ.

ಕಾಡಿನಲ್ಲಿ ಅಳೆಯುವವರಿಗೆ ಈ ಷರತ್ತು ದಿನನಿತ್ಯದ್ದು. ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಸಿಕ್ಕ ಕಪ್ಪೆಯೊಂದನ್ನು ರಮಿತ್ ಸಿಂಗಲ್, ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮತ್ತು ಸಂಗಡಿಗರು 2016ರಲ್ಲಿ ಹೊಸ ಪ್ರಭೇದವೆಂದು ಘೋಷಿಸಿದರು. ಹೆಸರು ಮೈಕ್ರೋಹೈಲ ಲ್ಯಾಟರೈಟ್. ಉದ್ದ ಸುಮಾರು 1.6 ಸೆಂಟಿಮೀಟರ್, ಕೂಗು ಜೀರುಂಡೆಯಂತೆ. ಊರಿನ ನಡುವೆಯೇ ಇದ್ದು, ಪ್ರತಿ ಮಳೆಗಾಲ ಕೂಗುತ್ತಿದ್ದರೂ ಅದನ್ನು ಯಾರೂ ಬೇರೆ ಮಾಡಿ ಕೇಳಿಸಿಕೊಂಡಿರಲಿಲ್ಲ. ಅದಿರುವ ಮುರಕಲ್ಲಿನ ನೆಲವನ್ನು ಬಂಜರೆಂದೇ ಬಗೆದು ಕಲ್ಲುಕೋರೆಗೆ, ಕಟ್ಟಡಕ್ಕೆ ಬಿಟ್ಟುಕೊಡುವುದು ಕರಾವಳಿಯ ರೂಢಿ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಹೋಗಿ ನಿಂತು ‘ಇಲ್ಲಿ ಯಾವ ಜೀವಿಯೂ ಇಲ್ಲ’ ಎಂದು ವರದಿ ಬರೆದರೆ ಅದು ಕತ್ತಲೆಯ ಕೋಣೆಯ ಮಡಕೆಯೇ.

ಈ ಸಮಸ್ಯೆಗೆ ಡ್ಯಾರಿಲ್ ಮೆಕೆಂಜಿ ಮತ್ತು ಸಂಗಡಿಗರು 2002ರಲ್ಲಿ ಗಣಿತದ ಒಂದು ಹಾದಿ ಕೊಟ್ಟರು. ಒಂದೇ ಜಾಗಕ್ಕೆ ಪದೇ ಪದೇ ಹೋಗಬೇಕು. ಕಂಡ ದಿನ, ಕಾಣದ ದಿನ ಎರಡನ್ನೂ ಬರೆಯಬೇಕು. ಅದರಿಂದ ಇದ್ದೂ ಕಾಣದಿರುವ ಸಂಭವ ಎಷ್ಟೆಂದು ತೆಗೆಯಬೇಕು. ಉದಾಹರಣೆಗೆ, ಕಪ್ಪೆ ಇರುವ ಬನದಲ್ಲಿ ಒಂದು ರಾತ್ರಿ ಅದರ ಕೂಗು ಕೇಳುವ ಸಂಭವ ಶೇ. 40 ಎಂದಿಟ್ಟುಕೊಳ್ಳೋಣ. ಮೂರು ರಾತ್ರಿ ಹೋದರೂ ಕೇಳದೇ ಇರುವ ಸಂಭವ ಶೇ. 22ರಷ್ಟು ಉಳಿಯುತ್ತದೆ. ಒಂದೇ ಭೇಟಿಯಲ್ಲಿ ಮುಗಿಸುವ ಸಮೀಕ್ಷೆಗಳ ಮೇಲೆ ಯೋಜನೆಗಳಿಗೆ ಒಪ್ಪಿಗೆ ಕೊಡುವುದು ಎಷ್ಟು ಅಪಾಯವೆಂದು ಇದೊಂದು ಲೆಕ್ಕದಿಂದ ತಿಳಿಯುತ್ತದೆ.

ಇನ್ನು, ಯಾವುದಕ್ಕೆ ಹೋಲಿಸಿ ಅಳೆಯುವುದು? ಪ್ರತಿ ತಲೆಮಾರೂ ತಾನು ಬಾಲ್ಯದಲ್ಲಿ ಕಂಡದ್ದನ್ನೇ ಮೂಲಸ್ಥಿತಿಯೆಂದು ಹಿಡಿಯುತ್ತದೆ. ಮೀನುಗಾರಿಕೆಯ ಲೆಕ್ಕಗಳಲ್ಲಿ ಈ ಮರೆವನ್ನು ಡೇನಿಯಲ್ ಪೌಲಿ 1995ರಲ್ಲಿ ಗುರುತಿಸಿದ್ದರು. ಮುರಕಲ್ಲಿನ ಗುಡ್ಡದಲ್ಲಿ ಅಕೇಶಿಯಾವನ್ನೇ ನೋಡಿ ಬೆಳೆದ ಹುಡುಗನಿಗೆ ಅದೇ ಕಾಡು. ಅವನಿಗೆ ಹಳೆಯ ಕಾಡು ಹೇಗಿತ್ತೆಂದು ತೋರಿಸಬಲ್ಲ ಜಾಗಗಳಲ್ಲಿ ನಾಗಬನ ಮೊದಲನೆಯದು. ಕೊಡಗಿನಲ್ಲಿ ಶೋನಿಲ್ ಭಾಗವತ್, ಚೆಪ್ಪುಡಿರ ಕುಶಾಲಪ್ಪ ಮತ್ತಿತರರು ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟಗಳನ್ನು ಒಟ್ಟಿಗಿಟ್ಟು ಅಳೆದು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಶ್ಚಿಮಘಟ್ಟಕ್ಕೇ ಸೀಮಿತವಾದ ಮರಗಳು ಮೀಸಲು ಅರಣ್ಯದಲ್ಲಿ ಹೆಚ್ಚು ಸಿಕ್ಕವು. ಆದರೆ ಅಳಿವಿನಂಚಿನ ಮರಗಳು ದೇವರಕಾಡಿನಲ್ಲೇ ಹೆಚ್ಚಿದ್ದವು. ಸುತ್ತಲಿನ ಕಾಫಿ ತೋಟಗಳ ಮರದ ನೆರಳೂ ಇದಕ್ಕೆ ಬೆಂಬಲವಾಗಿತ್ತೆಂದು ಅವರು ಹೇಳಿದರು. ಕರಾವಳಿಯ ಬನಗಳಿಗೆ ಆ ಬೆಂಬಲ ಕಡಿಮೆ. ಗದ್ದೆ, ಹೆದ್ದಾರಿ, ಲೇಔಟುಗಳ ನಡುವೆ ಅವು ಒಂಟಿ. ಹಾಗಾಗಿ ಅತಿಯಾಸೆಯೂ ಸಲ್ಲದು. ಇಪ್ಪತ್ತು ಸೆಂಟ್ಸಿನ ಬನ ಸಿಂಗಳೀಕನನ್ನು ಉಳಿಸಲಾರದು. ಹಾವು, ಕಪ್ಪೆ, ಜೇಡ, ಬಾವಲಿ, ಸುರಗಿಗೆ ಬರುವ ಜೇನು ಇವನ್ನು ಉಳಿಸಬಲ್ಲದು.

ಭಕ್ತಿಯೇ ಕಾಡನ್ನು ಕದಡುವ ಸಂದರ್ಭವನ್ನು ಮರೆಮಾಚುವಂತಿಲ್ಲ. ಕೊಲ್ಲೂರಿಗೆ ಬರುವ ವಾಹನಗಳ ಸಾಲು ಅಭಯಾರಣ್ಯವನ್ನು ಸೀಳಿಕೊಂಡೇ ಹೋಗಬೇಕು. ಸರ್ವಜ್ಞಪೀಠ ನೋಡಲು ಜನ ಕೊಡಚಾದ್ರಿಗೆ ಜೀಪಿನಲ್ಲಿ ಏರುತ್ತಾರೆ. ಈಗ ರೋಪ್‌ವೇಯ ಪ್ರಸ್ತಾವವೂ ಇದೆ. ಆದಿಶಂಕರರು ತಪಸ್ಸು ಮಾಡಿದರೆಂದು ನಂಬುವ ಬೆಟ್ಟಕ್ಕೆ ಕೆಲವೇ ನಿಮಿಷಗಳಲ್ಲಿ ತಲುಪುವ ಅನುಕೂಲ ಬೇಕೇ ಎಂಬುದು ಮೊದಲಿಗೆ ತಪಸ್ಸಿನ ಬಗೆಗಿನ ಪ್ರಶ್ನೆ, ಆಮೇಲೆ ಕಾಡಿನದು. ಕುಂದಾಪುರ ಸೀಮೆಯ ಕೆರಾಡಿಯಲ್ಲಿ ಚಿತ್ರೀಕರಿಸಿದ ‘ಕಾಂತಾರ’ 2022ರಲ್ಲಿ ದೈವ ಮತ್ತು ಕಾಡಿನ ನಂಟನ್ನು ದೇಶಕ್ಕೆಲ್ಲ ತೋರಿಸಿತು. ಕಾಡು ಯಾರದು ಎಂಬ ಪ್ರಶ್ನೆ ಅಲ್ಲಿ ದೊಡ್ಡದಾಗಿ ಕೇಳಿಸಿತು. ಕಾಡಿನಲ್ಲಿ ಇನ್ನೂ ಯಾರ್ಯಾರಿದ್ದಾರೆ ಎಂಬುದನ್ನು ಅಷ್ಟೇ ಜೋರಾಗಿ ಕೇಳುವವರು ಬೇಕಾಗಿದ್ದಾರೆ.

ಕಾನೂನಿನ ಕಡೆಯಿಂದ ಒಂದು ಬಾಗಿಲು ತೆರೆದಿದೆ. 2024ರ ಡಿಸೆಂಬರಿನಲ್ಲಿ ರಾಜಸ್ಥಾನದ ಓರಣಗಳೆಂಬ ದೇವರಕಾಡುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅವನ್ನು ಗುರುತಿಸಿ ನಕಾಶೆ ಮಾಡುವಂತೆ ಆ ರಾಜ್ಯಕ್ಕೆ ಆದೇಶಿಸಿತು. ದೇಶದ ಎಲ್ಲ ದೇವರಕಾಡುಗಳಿಗೂ ಅನ್ವಯಿಸುವ ನೀತಿ ರೂಪಿಸಲು ಕೇಂದ್ರಕ್ಕೆ ಸಲಹೆಯಿತ್ತಿತು. ಮಂಗಳೂರು ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿಗಳು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ದೇವರಬನಗಳ ಬಗ್ಗೆ 2003ರಲ್ಲೇ ಬರೆದಿದ್ದಾರೆ. ಆ ಕೆಲಸ ಮುಂದುವರಿಸಲು ದೊಡ್ಡ ಯೋಜನೆಗೆ ಕಾಯಬೇಕಿಲ್ಲ.

ಬನದ ಜೀರ್ಣೋದ್ಧಾರಕ್ಕೆ ಹೊರಟ ಕುಟುಂಬಗಳು ಮೊದಲು ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡುತ್ತವೆ. ನಾಗನಿಗೆ ಏನು ಬೇಕು, ಎಲ್ಲಿ ಲೋಪವಾಗಿದೆ ಎಂದು ಕೇಳುತ್ತವೆ. ಆ ಪ್ರಶ್ನೆಯ ಜೊತೆಗೆ ಒಂದು ವರ್ಷದ ಗಣತಿಯನ್ನೂ ಇಡಬಹುದು. ಜೂನ್, ಜುಲೈಯ ರಾತ್ರಿಗಳಲ್ಲಿ ಬನದ ಹೊರಗೇ ನಿಂತು ಕಪ್ಪೆಗಳ ಕೂಗು ಧ್ವನಿಮುದ್ರಿಸಬೇಕು; ಒಳಗೆ ಕಾಲಿಡಬಾರದೆಂಬ ಕಟ್ಟಳೆಗೆ ಭಂಗವಿಲ್ಲ. ಸುರಗಿ ಅರಳುವ ಕಾಲದಲ್ಲಿ ಬರುವ ಜೇನು, ಚಿಟ್ಟೆಗಳನ್ನು ಬರೆಯಬೇಕು. ಮುಂಜಾನೆಯ ಅರ್ಧ ಗಂಟೆ ಹಕ್ಕಿ ನೋಡಬೇಕು, ತಿಂಗಳಿಗೆ ಒಂದಷ್ಟು ಸಲ, ಕಾಣದ ದಿನವನ್ನೂ ಬಿಡದೆ. ಹಾವಿನ ಪೊರೆ ಸಿಕ್ಕರೆ ದಿನಾಂಕ ಹಾಕಿ ಚಿತ್ರ ತೆಗೆಯಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿದ್ದಾರೆ, ಕೈಯಲ್ಲಿ ಫೋನಿದೆ. ವರ್ಷದ ಕೊನೆಗೆ ಆ ಪಟ್ಟಿ ಕುಟುಂಬದ ಮುಂದೆ ಬಂದಾಗ ಗ್ರಾನೈಟು ಎಲ್ಲಿಯವರೆಗೆ, ಮಣ್ಣು ಎಲ್ಲಿಂದ ಎಂಬುದನ್ನು ಹಿರಿಯರೇ ತೀರ್ಮಾನಿಸಲಿ. ಅಜ್ಜಿಗೆ ನಡೆಯಲು ಕಲ್ಲಿನ ಕಿರುದಾರಿ, ಕೂರಲು ಬನದ ಹೊರಗೊಂದು ಜಗಲಿ, ಹುತ್ತದ ಸುತ್ತಲಿನ ಮರಗಳಿಗೆ ಮೊದಲಿನಂತೆಯೇ ಕತ್ತಿಯ ನಿಷೇಧ. ಪೂಜೆಯ ಖರ್ಚುವೆಚ್ಚ ಅಚ್ಚಾಗುವ ಪುಸ್ತಿಕೆಯಲ್ಲೇ ಕಪ್ಪೆ, ಹಾವು, ಹಕ್ಕಿಗಳ ಪಟ್ಟಿಗೂ ಎರಡು ಪುಟ ಮೀಸಲಿಟ್ಟು, ಮುಂದಿನ ವರ್ಷ ಅದರ ಪಕ್ಕದಲ್ಲೇ ಹೊಸ ಪಟ್ಟಿಯನ್ನು ಅಚ್ಚು ಹಾಕಬಹುದು.